ರೋಬೋಟ್ ಟೂಲಿನ ಅಡಾಪ್ಟರ್ ಪ್ಲೇಟ್: ಸ್ಥಾನ ಹಿಡಿಯುವುದು ಯಾವುದು, ಒತ್ತಿ ಹಿಡಿಯುವುದು ಯಾವುದು

ಪುಣೆಯ ಭೋಸರಿ, ಚಾಕಣ ಭಾಗದ ಕಾರ್ಖಾನೆಗಳಲ್ಲಿ ನನ್ನೊಡನೆ ರೋಬೋಟ್ ಕೆಲಸ ಕಲಿಯುತ್ತಿರುವ, ಹೆಚ್ಚಾಗಿ ಬೆಳಗಾವಿ, ವಿಜಯಪುರದ ಕಡೆಯಿಂದ ಡಿಪ್ಲೊಮಾ ಮುಗಿಸಿ ಬಂದಿರುವ ಗೆಳೆಯರಿಗಾಗಿ ಈ ಟಿಪ್ಪಣಿ. ರೋಬೋಟಿನ ಕೊನೆಯ ಫ್ಲ್ಯಾಂಜಿನ (ಟೂಲ್ ಕೂರಿಸುವ ತಟ್ಟೆಯಂಥ ತುದಿಯ) ತೂತುಗಳಿಗೂ ಗ್ರಿಪ್ಪರ್ ಅಥವಾ ವೆಲ್ಡಿಂಗ್ ಟಾರ್ಚಿನ ತೂತುಗಳಿಗೂ ಹೊಂದಿಕೆಯಾಗದಿದ್ದಾಗ ನಡುವೆ ಕೂರಿಸುವುದೇ ಅಡಾಪ್ಟರ್ ಪ್ಲೇಟ್. ಇದರ ವಿನ್ಯಾಸಕ್ಕೆ ಕೈಹಾಕುವ ಮುನ್ನ ಒಂದು ವಿಷಯ ಮನಸ್ಸಿನಲ್ಲಿ ಸ್ಪಷ್ಟವಾಗಿರಬೇಕು: ಪ್ಲೇಟಿನ ಸ್ಥಾನವನ್ನು ನಿರ್ಧರಿಸುವುದು ಬೋಲ್ಟುಗಳ ಕೆಲಸವಲ್ಲ, ಅವು ಒತ್ತಿ ಹಿಡಿಯುತ್ತವೆ, ಅಷ್ಟೇ.

ಫ್ಲ್ಯಾಂಜಿನ ಅಳತೆಗಳಿಗೆ ಐಎಸ್‌ಒ 9409-1 ಎಂಬ ಮಾನಕವಿದೆ. ಯುಆರ್5, ಯುಆರ್10 ರೋಬೋಟುಗಳಲ್ಲಿರುವಂತೆ 50-4-ಎಂ6 ಎಂದು ಬರೆದಿದ್ದರೆ, 50 ಮಿ.ಮೀ. ಪಿಸಿಡಿಯ (ತೂತುಗಳ ಕೇಂದ್ರಗಳು ಬೀಳುವ ವೃತ್ತದ ವ್ಯಾಸ) ಮೇಲೆ ಎಂ6 ಥ್ರೆಡ್ಡಿನ ನಾಲ್ಕು ತೂತುಗಳಿವೆ ಎಂದರ್ಥ. ಅದರ ನಡುವೆ 31.5 ಮಿ.ಮೀ. ವ್ಯಾಸದ ಎಚ್7 (ನಿಖರ ಅಳತೆ-ಮಿತಿಯ) ಗುಂಡಿಯೂ, ಬೋಲ್ಟುಗಳ ಪಿಸಿಡಿಯ ಮೇಲೆಯೇ ಡೋವೆಲ್ ಪಿನ್ನಿಗಾಗಿ (ಸ್ಥಾನ ಹಿಡಿಯುವ ನಿಖರ ಅಳತೆಯ ಕಡ್ಡಿ) 6 ಮಿ.ಮೀ. ಎಚ್7 ತೂತೂ ಇರುತ್ತವೆ. ಎಲ್ಲ ರೋಬೋಟುಗಳೂ ಈ ಮಾನಕವನ್ನು ಅನುಸರಿಸುವುದಿಲ್ಲವಾದ್ದರಿಂದ, ತಯಾರಕರ ಡ್ರಾಯಿಂಗನ್ನೇ ಮುಂದಿಟ್ಟುಕೊಂಡು ಕೆಲಸ ಆರಂಭಿಸಬೇಕು.

ಬಿಡಿಯಾಗಿರುವ ಒಂದು ವಸ್ತು ಆರು ಬಗೆಯಲ್ಲಿ ಚಲಿಸಬಲ್ಲದು. ಫ್ಲ್ಯಾಂಜಿನ ಸಪಾಟು ಮುಖ ಅವುಗಳಲ್ಲಿ ಮೂರನ್ನು ತಡೆಯುತ್ತದೆ. ನಡುವಿನ ಗುಂಡಿಯೊಳಗೆ ಕೂರುವ ಪ್ಲೇಟಿನ ಸ್ಪಿಗಾಟ್ (ಮುಂಚಾಚಿದ ದುಂಡು ಭಾಗ) ಅಡ್ಡಡ್ಡ ಸರಿಯುವ ಎರಡನ್ನು ತಡೆಯುತ್ತದೆ. ಉಳಿದ ಒಂದು, ಅಂದರೆ ಅಕ್ಷದ ಸುತ್ತಲಿನ ತಿರುಗುವಿಕೆ, ಪಿನ್ನಿನ ಪಾಲಿಗೆ ಬರುತ್ತದೆ. ಆರಕ್ಕೆ ಆರೂ ಇಲ್ಲಿಗೆ ತೀರಿದವು. ಸ್ಪಿಗಾಟ್ ಇರುವಾಗ ಭದ್ರತೆಗೆಂದು ಇನ್ನೊಂದು ಬಿಗಿ ಪಿನ್ ಸೇರಿಸಿದರೆ ಅವು ಒಂದರೊಡನೊಂದು ಸೆಣಸುತ್ತವೆ, ಪ್ಲೇಟ್ ಸಪಾಟಾಗಿ ಕೂರುವುದಿಲ್ಲ.

ಪಿನ್ನನ್ನೇ ಬಿಟ್ಟರೆ ಏನಾಗುತ್ತದೆ ಎಂಬುದನ್ನು ನಾನು ಕೆಲಸದಲ್ಲೇ ಕಂಡಿದ್ದೇನೆ. ರೀಮರ್ (ತೂತನ್ನು ನಿಖರ ಅಳತೆಗೆ ತರುವ ಉಪಕರಣ) ಖರ್ಚು ಉಳಿಸಲು ಪಿನ್ನಿಲ್ಲದೆ ಮಾಡಿಸಿದ್ದ ಒಂದು ಪ್ಲೇಟ್ ಮೊದಲ ದಿನ ಚೆನ್ನಾಗಿಯೇ ಕೆಲಸ ಮಾಡಿತು. ಸ್ವಚ್ಛಗೊಳಿಸಲು ಗ್ರಿಪ್ಪರನ್ನು ಪ್ಲೇಟ್ ಸಮೇತ ಬಿಚ್ಚಿ ಮತ್ತೆ ಕೂರಿಸಿದಾಗ ಒಂದು ಪಾರ್ಟೂ ಸರಿಯಾಗಿ ಹಿಡಿತಕ್ಕೆ ಸಿಗಲಿಲ್ಲ. ಲೆಕ್ಕ ಸರಳವಾಗಿದೆ. ಎಂ6 ಬೋಲ್ಟಿಗೆ 6.6 ಮಿ.ಮೀ. ತೂತು ಕೊರೆಯುವುದು ವಾಡಿಕೆ. ಅಂದರೆ ಬೋಲ್ಟಿನ ಸುತ್ತ 0.3 ಮಿ.ಮೀ. ಸಡಿಲ. 25 ಮಿ.ಮೀ. ತ್ರಿಜ್ಯದಲ್ಲಿರುವ ಈ 0.3 ಮಿ.ಮೀ., ಅಕ್ಷದಿಂದ 250 ಮಿ.ಮೀ. ದೂರವಿದ್ದ ಗ್ರಿಪ್ಪರಿನ ಬೆರಳಿನಲ್ಲಿ ಹತ್ತು ಪಟ್ಟಾಗಿ 3 ಮಿ.ಮೀ. ಆಗುತ್ತದೆ. ಸ್ಪಿಗಾಟ್ ಎಷ್ಟೇ ನಿಖರವಾಗಿದ್ದರೂ ಇದನ್ನು ತಡೆಯಲಾರದು. ಆದ್ದರಿಂದ ಪ್ಲೇಟಿನ ಸ್ಪಿಗಾಟನ್ನೂ ಪಿನ್ನಿನ ತೂತನ್ನೂ ವಿಎಂಸಿಯಲ್ಲಿ (ಕಂಪ್ಯೂಟರ್ ನಿಯಂತ್ರಿತ ಮಿಲ್ಲಿಂಗ್ ಯಂತ್ರ) ಒಂದೇ ಸೆಟಿಂಗಿನಲ್ಲಿ, ಜಾಬನ್ನು ಬಿಚ್ಚದೆ ಮುಗಿಸಬೇಕೆಂದು ಡ್ರಾಯಿಂಗಿನಲ್ಲಿಯೇ ಬರೆಯುವುದು ಒಳ್ಳೆಯದು.

ಬೋಲ್ಟುಗಳು ಭಾರ ಹೊರುವುದು ತಮ್ಮ ಒತ್ತಡದಿಂದ ಹುಟ್ಟುವ ಘರ್ಷಣೆಯ ಮೂಲಕ. 10 ನ್ಯೂಟನ್-ಮೀಟರಿಗೆ ಬಿಗಿದ ಎಂ6 ಬೋಲ್ಟ್ ಸುಮಾರು 8 ಕಿಲೋನ್ಯೂಟನ್ ಒತ್ತಡ ಕೊಡುತ್ತದೆ; ನಾಲ್ಕು ಸೇರಿ 32, ಘರ್ಷಣೆಯ ಗುಣಾಂಕ 0.15 ಎಂದುಕೊಂಡರೆ 25 ಮಿ.ಮೀ. ತ್ರಿಜ್ಯದಲ್ಲಿ ಸುಮಾರು 120 ನ್ಯೂಟನ್-ಮೀಟರ್ ತಿರುಚನ್ನು ತಡೆಯುವ ಶಕ್ತಿ ದೊರೆಯುತ್ತದೆ. ಮುಖಗಳ ನಡುವೆ ಎಣ್ಣೆ ಉಳಿದಿದ್ದರೆ ಇದು ಇಳಿಯುತ್ತದೆ. ಬಿಗಿಯಬೇಕಾದ ನಿಜವಾದ ಟಾರ್ಕನ್ನು ರೋಬೋಟಿನ ಮ್ಯಾನುಯಲ್ಲಿನಿಂದಲೇ ತೆಗೆದುಕೊಳ್ಳಬೇಕು.

ಬೋಲ್ಟಿನ ಉದ್ದದ ವಿಷಯದಲ್ಲಿ ಹೆಚ್ಚು ಎಚ್ಚರ ಬೇಕು. ಫ್ಲ್ಯಾಂಜಿನ ತೂತು ಆಚೆ ಬದಿಗೆ ತೆರೆಯದಿದ್ದರೆ ಉದ್ದ ಬೋಲ್ಟ್ ತಳಕ್ಕೆ ಹೋಗಿ ತಾಗುತ್ತದೆ. ಟಾರ್ಕ್ ರೆಂಚ್ ಕ್ಲಿಕ್ ಎಂದರೂ ಪ್ಲೇಟ್ ಮಾತ್ರ ಸಡಿಲವಾಗಿಯೇ ಉಳಿದಿರುತ್ತದೆ. ಗಿಡ್ಡ ಬೋಲ್ಟ್ ಥ್ರೆಡ್ಡನ್ನೇ ಕಿತ್ತುಕೊಂಡು ಬರಬಹುದು. ಥ್ರೆಡ್ಡಿನೊಳಗೆ ಹೋಗುವ ಉದ್ದ ಉಕ್ಕಿನಲ್ಲಿ ಬೋಲ್ಟಿನ ವ್ಯಾಸದಷ್ಟಾದರೂ, ಅಲ್ಯೂಮಿನಿಯಮ್ಮಿನಲ್ಲಿ ಅದರ ಒಂದೂವರೆ ಪಟ್ಟಾದರೂ ಇರಲಿ.

ಲೋಹಕ್ಕೆ ಸಾಮಾನ್ಯವಾಗಿ 6061-ಟಿ6 ಅಲ್ಯೂಮಿನಿಯಂ ಸಾಕು. 160 ಮಿ.ಮೀ. ವ್ಯಾಸ, 20 ಮಿ.ಮೀ. ದಪ್ಪದ ದುಂಡು ಪ್ಲೇಟ್ ಇದರಲ್ಲಿ ಸುಮಾರು 1.1 ಕೆ.ಜಿ. ತೂಗಿದರೆ ಉಕ್ಕಿನಲ್ಲಿ 3.2 ಕೆ.ಜಿ. ದಾಟುವುದಿಲ್ಲವಾದರೂ ಅದರ ಹತ್ತಿರ ಬರುತ್ತದೆ, ಮತ್ತು ಆ ವ್ಯತ್ಯಾಸವೆಲ್ಲ ರೋಬೋಟ್ ಎತ್ತಬಹುದಾದ ಭಾರದಿಂದಲೇ ಕಳೆದುಹೋಗುತ್ತದೆ. ದಪ್ಪ ಹೆಚ್ಚಿದಷ್ಟೂ ಟೂಲಿನ ಗುರುತ್ವಕೇಂದ್ರ ಮಣಿಕಟ್ಟಿನಿಂದ ದೂರ ಸರಿಯುತ್ತದೆಂಬುದನ್ನೂ ನೆನಪಿಡಬೇಕು. ಎಂ6 ಅಲೆನ್ ಬೋಲ್ಟಿನ ತಲೆ 6 ಮಿ.ಮೀ. ಎತ್ತರವಿರುವುದರಿಂದ, ಅದು ಪ್ಲೇಟಿನೊಳಗೆ ಮುಳುಗಿ ಕೆಳಗೆ ಸಾಕಷ್ಟು ಲೋಹ ಉಳಿಯಲು ನಾನು 12 ಮಿ.ಮೀ.ಗಿಂತ ತೆಳ್ಳಗೆ ಹೋಗುವುದಿಲ್ಲ.

ಜೋಡಿಸುವಾಗ ಎರಡೂ ಮುಖಗಳನ್ನು ಒರೆಸಿ, ಅಂಚಿನ ಬರ್ (ಕೊರೆದಾಗ ಉಳಿಯುವ ಚೂಪು ಏರು) ತೆಗೆದು, ಬೋಲ್ಟುಗಳನ್ನು ಎದುರುಬದುರಾಗಿ ಎರಡು ಮೂರು ಸುತ್ತಿನಲ್ಲಿ ಬಿಗಿದು, ತಲೆಗಳ ಮೇಲೆ ಪೇಂಟ್ ಗೆರೆ ಎಳೆಯಬೇಕು. ಪ್ಲೇಟ್ ಮತ್ತು ಟೂಲಿನ ಒಟ್ಟು ತೂಕವನ್ನೂ ಗುರುತ್ವಕೇಂದ್ರವನ್ನೂ ಕಂಟ್ರೋಲರಿಗೆ ತುಂಬಿದ ಮೇಲೆಯೇ ಟಿಸಿಪಿ (ಟೂಲಿನ ಕೆಲಸದ ತುದಿಯ ಬಿಂದು) ಕಲಿಸಬೇಕು. ಮುಂದೆ ಎಂದಾದರೂ ಬಿಚ್ಚಿ ಕೂರಿಸಿದ ನಂತರ ಟಿಸಿಪಿ ತಪ್ಪಿದೆ ಅನ್ನಿಸಿದರೆ, ಪಾಯಿಂಟುಗಳನ್ನು ತಿದ್ದಲು ಪೆಂಡೆಂಟ್ (ರೋಬೋಟಿಗೆ ಕಲಿಸಲು ಕೈಯಲ್ಲಿ ಹಿಡಿಯುವ ಫಲಕ) ಎತ್ತಿಕೊಳ್ಳುವ ಮೊದಲು ಪ್ಲೇಟನ್ನು ಇನ್ನೊಮ್ಮೆ ಬಿಚ್ಚಿ ನೋಡಿ: 63 ಮಿ.ಮೀ. ಅಗಲದ ಮುಖದ ಒಂದು ಅಂಚಿನಲ್ಲಿ 0.05 ಮಿ.ಮೀ. ದಪ್ಪದ ಚೂರು ಸಿಕ್ಕಿಕೊಂಡಿದ್ದರೂ, 300 ಮಿ.ಮೀ. ಉದ್ದದ ಟೂಲಿನ ತುದಿ ಸುಮಾರು 0.24 ಮಿ.ಮೀ. ವಾಲಿರುತ್ತದೆ.