ನಿಂತಲ್ಲೇ ಕೆಟ್ಟ ಬೈಕು

ಹಳೇ ಬೈಕು ಕೊಳ್ಳುವಾಗ ಎಲ್ಲರೂ ಮೊದಲು ಬಗ್ಗಿ ನೋಡುವುದು ಮೀಟರನ್ನು. ಕಡಿಮೆ ಓಡಿದ್ದರೆ ಖುಷಿ. ನಾನೂ ಹಾಗೇ ಖುಷಿಪಟ್ಟವನು. ಉದ್ದ ಮೈಯ, ತಗ್ಗು ಸೀಟಿನ ಕ್ರೂಸರ್ ಅದು. ವಿ ಆಕಾರದಲ್ಲಿ ಎರಡು ಸಿಲಿಂಡರ್. ಓಡಿದ್ದು ತೀರಾ ಕಡಿಮೆ, ಯಾಕೆಂದರೆ ನಾಲ್ಕು ವರ್ಷ ಶೆಡ್ಡಿನಲ್ಲಿ ಸುಮ್ನೆ ನಿಂತಿತ್ತು. ಮನೆಗೆ ತಂದು ಬಿಚ್ಚಲು ಕೂತ ಮೇಲೆ ಗೊತ್ತಾಯಿತು, ಬೈಕು ಓಡಿ ಸವೆಯುವುದಕ್ಕಿಂತ ನಿಂತು ಕೆಡುವುದೇ ಜಾಸ್ತಿ.

ಟ್ಯಾಂಕಿನ ಮುಚ್ಚಳ ತೆಗೆದರೆ ಪೆಟ್ರೋಲ್ ವಾಸನೆ ಬರಲಿಲ್ಲ. ಹಳೇ ವಾರ್ನಿಶ್ ಡಬ್ಬ ತೆಗೆದ ಹಾಗಿತ್ತು. ಪೆಟ್ರೋಲ್ ಒಂದೇ ವಸ್ತುವಲ್ಲ, ನೂರಾರು ಹೈಡ್ರೋಕಾರ್ಬನ್‌ಗಳ ಬೆರಕೆ. ಹಗುರವಾದವು, ಅಂದರೆ ಬೇಗ ಆವಿಯಾಗಿ ಬೇಗ ಹತ್ತಿಕೊಳ್ಳುವಂಥವು, ಮೊದಲು ಹಾರಿಹೋಗುತ್ತವೆ. ಉಳಿದವು ನಿಧಾನವಾಗಿ ಗಾಳಿಯ ಆಮ್ಲಜನಕದ ಜೊತೆ ಸೇರಿ ಅಂಟಾಗುತ್ತವೆ. ಎಥನಾಲ್ ಬೆರೆಸಿದ ಪೆಟ್ರೋಲಾದರೆ ಇನ್ನೊಂದು ತಾಪತ್ರಯ. ಎಥನಾಲ್ ಗಾಳಿಯ ತೇವವನ್ನು ಹೀರುತ್ತದೆ. ನೀರು ಜಾಸ್ತಿಯಾದರೆ ಎರಡೂ ಪೆಟ್ರೋಲಿನಿಂದ ಬೇರೆಯಾಗಿ ತಳಕ್ಕೆ ಇಳಿಯುತ್ತವೆ. ತಳದಲ್ಲಿರುವುದು ಉಕ್ಕಿನ ತಗಡು. ತುಕ್ಕಿಗೆ ಇನ್ನೇನು ಬೇಕು?

ಮೇಲಿನ ಖಾಲಿ ಜಾಗವೂ ಪಾರಾಗುವುದಿಲ್ಲ. ರಾತ್ರಿ ತಣ್ಣಗಾದಾಗ ಒಳಗಿನ ಗಾಳಿಯ ತೇವ ತಗಡಿನ ಮೇಲೆ ಬೆವರಿನಂತೆ ಕೂರುತ್ತದೆ. ಅಲ್ಯೂಮಿನಿಯಂ ಮೇಲೂ ಆಕ್ಸೈಡ್ ಕಟ್ಟುತ್ತದೆ, ಆದರೆ ಅದು ಬಿಗಿಯಾಗಿ ಅಂಟಿ ಒಳಗಿನ ಲೋಹವನ್ನು ಕಾಯುತ್ತದೆ. ಕಬ್ಬಿಣದ ತುಕ್ಕಿಗೆ ಆ ಬುದ್ಧಿ ಇಲ್ಲ. ಅದು ತಾನು ಹುಟ್ಟಿದ ಲೋಹಕ್ಕಿಂತ ಜಾಸ್ತಿ ಜಾಗ ಬೇಡುತ್ತದೆ. ಉಬ್ಬುತ್ತದೆ, ಬಿರಿಯುತ್ತದೆ, ಚಕ್ಕೆಯಾಗಿ ಉದುರುತ್ತದೆ. ಉದುರಿದ ಕಡೆ ಹೊಸ ಕಬ್ಬಿಣ ಗಾಳಿಗೆ ತೆರೆದುಕೊಳ್ಳುತ್ತದೆ.

ಇದಕ್ಕೆ ನಾನು ಮಾಡಿದ್ದು ಸಿಟ್ರಿಕ್ ಆಮ್ಲದ ಉಪಾಯ. ಟ್ಯಾಂಕನ್ನು ತೊಳೆದು, ಲೀಟರ್ ನೀರಿಗೆ ಸುಮಾರು 50 ಗ್ರಾಂ ಪುಡಿ ಕರಗಿಸಿ ತುಂಬಿ ಒಂದು ರಾತ್ರಿ ಬಿಟ್ಟೆ. ಆಮ್ಲ ತುಕ್ಕನ್ನು ಕರಗಿಸುತ್ತದೆ, ಅದರಲ್ಲೇ ಇರುವ ಸಿಟ್ರೇಟ್ ಆ ಕಬ್ಬಿಣವನ್ನು ಹಿಡಿದುಕೊಂಡು ನೀರಿನಲ್ಲೇ ಇಟ್ಟುಕೊಳ್ಳುತ್ತದೆ. ಗಟ್ಟಿ ಚಕ್ಕೆ ಕೀಳಲು ಒಂದು ಹಿಡಿ ನಟ್ಟುಗಳನ್ನು ಒಳಗೆ ಹಾಕಿ ಕುಲುಕಿದೆ. ಎಣಿಸಿ ಹಾಕಿ, ದಯವಿಟ್ಟು. ನಾನು ಹಾಕಿದ್ದು ಇಪ್ಪತ್ತು, ಹೊರಬಂದದ್ದು ಹತ್ತೊಂಬತ್ತು. ಆ ಒಂದು ನಟ್ಟಿಗಾಗಿ ಅರ್ಧ ದಿನ ಟ್ಯಾಂಕನ್ನು ಮಗುವಿನ ಹಾಗೆ ತೋಳಲ್ಲಿಟ್ಟು ಆಡಿಸಿದ್ದೇನೆ.

ಕೊನೆಗೆ ಅಡುಗೆ ಸೋಡಾ ನೀರಿನಲ್ಲಿ ತೊಳೆದು ಆಮ್ಲ ಕಳೆಯಬೇಕು, ತಕ್ಷಣ ಒಣಗಿಸಬೇಕು. ಬೆತ್ತಲಾದ ಉಕ್ಕು ಒದ್ದೆಯಾಗಿದ್ದರೆ ಕಣ್ಣೆದುರೇ ಕಿತ್ತಳೆ ಬಣ್ಣಕ್ಕೆ ತಿರುಗುತ್ತದೆ. ಒಣಗಿದ ಕೂಡಲೇ ಒಳಗೆಲ್ಲ ತೆಳ್ಳಗೆ ಎಣ್ಣೆ ಸವರುವುದು ಒಳ್ಳೆಯದು.

ಪೆಟ್ರೋಲಿನ ಅಂಟು ಹೋಗಿ ಸೇರುವುದು ಪೆಟ್ರೋಲಿಗೆ ಗಾಳಿ ಬೆರೆಸುವ ಕಾರ್ಬ್ಯುರೇಟರಿಗೆ. ಅಲ್ಲಿ ಪೈಲಟ್ ಜೆಟ್ ಅಂತ ಒಂದು ಹಿತ್ತಾಳೆ ತುಣುಕಿದೆ, ಎಂಜಿನ್ ನಿಧಾನ ತಿರುಗುವಾಗ ಪೆಟ್ರೋಲ್ ಬಿಡುವುದು ಅದೇ. ಅದರ ರಂಧ್ರ ಅರ್ಧ ಮಿಲಿಮೀಟರಿಗಿಂತ ಕಿರಿದು. ಬೆಳಕಿಗೆ ಹಿಡಿದರೆ ಚುಕ್ಕಿಯಂತೆ ಬೆಳಕು ಕಾಣಬೇಕು. ನನ್ನದರಲ್ಲಿ ಕತ್ತಲೆ. ಹತ್ತಿರದಲ್ಲಿ ಸಿಕ್ಕ ಉಕ್ಕಿನ ತಂತಿ ತೂರಿಸುವ ಆಸೆಯಾಗುತ್ತದೆ, ಬೇಡ. ಹಿತ್ತಾಳೆ ಮೆತ್ತಗಿನ ಲೋಹ. ರಂಧ್ರದ ಅಡ್ಡಳತೆ ಶೇ. 10ರಷ್ಟು ಹಿಗ್ಗಿದರೆ ಅದರ ವಿಸ್ತೀರ್ಣ ಶೇ. 21ರಷ್ಟು ಜಾಸ್ತಿಯಾಗುತ್ತದೆ. ಆಮೇಲೆ ಎಂಜಿನ್ ಯಾಕೆ ಜಾಸ್ತಿ ಪೆಟ್ರೋಲ್ ಕುಡಿಯುತ್ತಿದೆ ಎಂದು ತಲೆ ಕೆರೆದುಕೊಳ್ಳಬೇಕಾಗುತ್ತದೆ. ಕ್ಲೀನರ್‌ನಲ್ಲಿ ನೆನೆಸಿ, ಗಾಳಿ ಊದಿ. ಅದಕ್ಕೂ ಬಗ್ಗದಿದ್ದರೆ ಹೊಸದು ಹಾಕಿ.

ಇನ್ನು ಹಟ ಹಿಡಿದ ಬೋಲ್ಟುಗಳು. ಅಲ್ಯೂಮಿನಿಯಂ ಎಂಜಿನ್‌ಗೆ ಉಕ್ಕಿನ ಬೋಲ್ಟು. ನಡುವೆ ತೇವ ಸೇರಿದರೆ ಅದೊಂದು ಪುಟ್ಟ ಬ್ಯಾಟರಿಯೇ ಆಗಿಬಿಡುತ್ತದೆ. ಅಲ್ಯೂಮಿನಿಯಂ ಕರಗಿ ಬಿಳಿ ಪುಡಿಯಾಗಿ ಬೋಲ್ಟಿನ ತಿರುಪು ಸುತ್ತುಗಳ ನಡುವೆ ಗಾರೆಯಂತೆ ಕೂರುತ್ತದೆ. ಇಲ್ಲಿ ತೋಳಿನ ಬಲಕ್ಕಿಂತ ಬಿಸಿ ವಾಸಿ. ಒಂದು ಡಿಗ್ರಿ ಬಿಸಿಯೇರಿದರೆ ಒಂದು ಮೀಟರ್ ಅಲ್ಯೂಮಿನಿಯಂ ಸುಮಾರು 23 ಮೈಕ್ರಾನ್ ಹಿಗ್ಗುತ್ತದೆ, ಉಕ್ಕು ಸುಮಾರು 12. 8 ಮಿಲಿಮೀಟರ್ ರಂಧ್ರವನ್ನು 100 ಡಿಗ್ರಿಯಷ್ಟು ಬಿಸಿ ಮಾಡಿದರೆ ಸಿಗುವ ಸಡಿಲ 9 ಮೈಕ್ರಾನ್, ತಲೆಗೂದಲಿನ ದಪ್ಪಕ್ಕಿಂತ ಎಷ್ಟೋ ಕಡಿಮೆ. ಆದರೂ ಸಾಕು. 'ಟಕ್' ಅನ್ನುವ ಒಂದು ಸಣ್ಣ ಸದ್ದು, ಬೋಲ್ಟು ತಿರುಗುತ್ತದೆ. ಆ ಸದ್ದಿನಷ್ಟು ಸುಖ ಇಡೀ ಕೆಲಸದಲ್ಲಿ ಇನ್ನೊಂದಿಲ್ಲ. (ಟ್ಯಾಂಕು, ಪೆಟ್ರೋಲ್ ಪೈಪು ಎಲ್ಲ ದೂರ ಇಟ್ಟ ಮೇಲೆ ಮಾತ್ರ ಬಿಸಿ ಮಾಡಿ.)

ಬ್ರೇಕ್ ಆಯಿಲ್ ಸ್ವಚ್ಛವಾಗಿ ಕಂಡರೂ ನಂಬಬಾರದು. ಅದೂ ನೀರು ಹೀರುತ್ತದೆ. ಡಾಟ್ 4 ದರ್ಜೆಯ ಆಯಿಲ್ ಹೊಸತಿದ್ದಾಗ ಕನಿಷ್ಠ 230 ಡಿಗ್ರಿವರೆಗೆ ಕುದಿಯಬಾರದು ಅನ್ನುವುದು ನಿಯಮ. ತೇವ ಹೀರಿದ ಆಯಿಲ್‌ಗೆ ಆ ಮಿತಿ 155 ಅಷ್ಟೇ. ಕುದಿದರೆ ಗುಳ್ಳೆ ಏಳುತ್ತದೆ. ಗುಳ್ಳೆ ಒತ್ತಿದರೆ ಕುಗ್ಗುತ್ತದೆ, ಬ್ರೇಕ್ ಹಿಡಿಯುವುದಿಲ್ಲ. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತವೆ. 2315 ಅಂತಿದ್ದರೆ 2015ರ 23ನೇ ವಾರ ಮಾಡಿದ್ದು ಅಂತ ಅರ್ಥ. ಹಳೇ ಟೈರಿನ ಗೀರುಗಳು ಎಷ್ಟೇ ಆಳ ಇರಲಿ, ಬದಲಾಯಿಸಿ.

ಇಷ್ಟೆಲ್ಲ ಆದ ಮೇಲೆ ಅಲಂಕಾರದ ಹುಚ್ಚು ಹತ್ತುತ್ತದೆ. ನನಗೆ ಹತ್ತಿದ್ದು ಶಾಕ್ ಅಬ್ಸಾರ್ಬರ್ ಬದಲಿಸಿ ಹಿಂಭಾಗ ತಗ್ಗಿಸುವ ಹುಚ್ಚು. ಸುಮ್ನೆ ಚೆಂದಕ್ಕೆ, ಅಷ್ಟೇ ಅಲ್ವಾ? ಅಲ್ಲ. ಕ್ರೂಸರ್‌ನ ಮುಂದಿನ ಚಕ್ರ ಹಿಡಿದಿರುವ ಫೋರ್ಕ್ ಓರೆಯಾಗಿ ನಿಂತಿರುತ್ತದೆ, ನೆಟ್ಟನೆಯ ಗೆರೆಯಿಂದ ಸುಮಾರು 30 ಡಿಗ್ರಿ. ಹ್ಯಾಂಡಲ್ ತಿರುಗುವ ಅಚ್ಚಿನ ಗೆರೆಯನ್ನು ನೆಲದವರೆಗೆ ಎಳೆದರೆ, ಟೈರು ನೆಲ ಮುಟ್ಟುವ ಜಾಗ ಅದಕ್ಕಿಂತ ಹಿಂದೆ ಬೀಳುತ್ತದೆ. ತಳ್ಳುಗಾಡಿಯ ಪುಟ್ಟ ಚಕ್ರ ತಾನಾಗೇ ಹಿಂದಕ್ಕೆ ತಿರುಗಿ ನೆಟ್ಟಗಾಗುತ್ತದಲ್ಲ, ಆ ಗುಣವೇ ಇಲ್ಲಿಯೂ ಇದೆ. ಈ ಅಂತರ ಜಾಸ್ತಿಯಾದಷ್ಟೂ ನೇರ ರಸ್ತೆಯಲ್ಲಿ ಬೈಕು ಗಟ್ಟಿ, ನಿಧಾನದ ತಿರುವಿನಲ್ಲಿ ಭಾರ. ಎರಡು ಚಕ್ರಗಳ ನಡುವೆ 1600 ಮಿಲಿಮೀಟರ್ ಇರುವ ಬೈಕಿನ ಹಿಂಭಾಗ 50 ಮಿಲಿಮೀಟರ್ ತಗ್ಗಿದರೆ ಫೋರ್ಕ್ ಇನ್ನೂ ಸುಮಾರು 1.8 ಡಿಗ್ರಿ ಓರೆಯಾಗುತ್ತದೆ. ಮುಂಭಾಗ ಮುಟ್ಟಿಯೇ ಇಲ್ಲ, ಆದರೂ ಯೂ ಟರ್ನ್ ಮಾಡುವಾಗ ಹ್ಯಾಂಡಲ್ ಪಕ್ಕಕ್ಕೆ ವಾಲಿ ಬೀಳತೊಡಗುತ್ತದೆ. ಎರಡೇ ವಾರದಲ್ಲಿ ಹಳೇ ಶಾಕ್ ಅಬ್ಸಾರ್ಬರ್‌ಗಳನ್ನೇ ವಾಪಸ್ ಹಾಕಿದೆ.

ಸೈಲೆನ್ಸರ್ ಕತ್ತರಿಸುವವರಿಗೂ ಒಂದು ಮಾತು. ಹೊಗೆಯ ಜೊತೆ ಒತ್ತಡದ ಅಲೆಯೂ ಕೊಳವೆಯಲ್ಲಿ ಓಡುತ್ತದೆ. ತೆರೆದ ತುದಿ ಮುಟ್ಟಿದಾಗ ಅದು ಎಳೆಯುವ ಅಲೆಯಾಗಿ ಹಿಂತಿರುಗುತ್ತದೆ. ಸರಿಯಾದ ಹೊತ್ತಿಗೆ ಬಂದರೆ ಸಿಲಿಂಡರಿನ ಹೊಗೆಯನ್ನು ಎಳೆದು ಖಾಲಿ ಮಾಡುತ್ತದೆ. ಕೊಳವೆ ಗಿಡ್ಡವಾದರೆ ಅಲೆ ಬೇಗ ಬರುತ್ತದೆ, ಅದರ ಲಾಭ ಎಂಜಿನ್ ಜೋರಾಗಿ ತಿರುಗುವಾಗ ಮಾತ್ರ. ಕ್ರೂಸರ್‌ನ ಸೊಗಸು ಇರುವುದೇ ನಿಧಾನ ತಿರುಗುವಾಗಿನ ಎಳೆತದಲ್ಲಿ. ಸದ್ದು ಸಿಕ್ಕಿತು, ಎಳೆತ ಹೋಯಿತು. ಜೊತೆಗೆ ಗಾಳಿ ಜಾಸ್ತಿಯಾಗಿ ಪೆಟ್ರೋಲ್ ಸಾಲದೆ ಎಂಜಿನ್ ಬಿಸಿಯೇರುತ್ತದೆ. ಒಂದು ಗ್ರಾಂ ಪೆಟ್ರೋಲ್ ಪೂರ್ತಿ ಉರಿಯಲು ಸುಮಾರು 14.7 ಗ್ರಾಂ ಗಾಳಿ ಬೇಕು. ಆ ಲೆಕ್ಕ ತಪ್ಪಿದೆಯೋ ಇಲ್ಲವೋ ಸ್ಪಾರ್ಕ್ ಪ್ಲಗ್ ಬಿಚ್ಚಿ ನೋಡಿದರೆ ಅಂದಾಜು ಸಿಗುತ್ತದೆ. ತುದಿಯ ಪಿಂಗಾಣಿ ಸುಣ್ಣದಂತೆ ಬೆಳ್ಳಗಿದ್ದರೆ ಪೆಟ್ರೋಲ್ ಕಡಿಮೆ, ಮಸಿ ಹಿಡಿದಿದ್ದರೆ ಜಾಸ್ತಿ. ನನ್ನ ಬೈಕಿನದು ಈಗ ತಿಳಿ ಕಂದು.