ಕಲೆಕ್ಟರ್ ಆದೇಶಕ್ಕಿಂತ ನೋಟರಿ ಸೀಲು ದೊಡ್ಡದಾ?

ಹೊರರಾಜ್ಯದ ಮಗುವನ್ನು ದತ್ತು ತಗೊಳ್ಳೋ ವಿಷಯಕ್ಕೆ ನನ್ನ ವಕೀಲಿ ಆಫೀಸಿಗೆ ಎರಡು ತರದ ಜನ ಬರುತ್ತಾರೆ. ಗಟ್ಟಿ ಕಾಗದ ಇರುವವರಿಗೆ ಭಯ. ಏನೂ ಇಲ್ಲದವರಿಗೆ ಭಾರಿ ಧೈರ್ಯ.

ದಾವಣಗೆರೆ ಕಡೆಯ ದಂಪತಿಯೊಬ್ಬರು ದತ್ತಿಗಾಗಿ ಕೇಂದ್ರ ಸರ್ಕಾರ ನಡೆಸುವ ಕೇರಿಂಗ್ಸ್ ಪೋರ್ಟಲ್‌ನಲ್ಲಿ ನೋಂದಾಯಿಸಿ, ವರ್ಷಗಟ್ಟಲೆ ಕಾದು, ಒಡಿಶಾದ ದತ್ತು ಸಂಸ್ಥೆಯಿಂದ ಮಗಳನ್ನು ಕರೆತಂದಿದ್ದರು. ಶಾಲೆಗೆ ಸೇರಿಸಲು ಹೋದರೆ ಅಲ್ಲಿನ ಕ್ಲರ್ಕ್, "ಇದು ಬೇರೆ ರಾಜ್ಯದ್ದು, ನಮ್ಮ ಕೋರ್ಟಿನ ಆರ್ಡರ್ ತನ್ನಿ" ಅಂದರಂತೆ. ಕೇಸೇನೂ ಬೇಡ ಅಂತ ನಾನು ಹೇಳಿದರೆ ನಂಬಲೇ ಇಲ್ಲ. ಫೀಸು ಎಷ್ಟಾದರೂ ಆಗಲಿ, ಇಲ್ಲೊಂದು ಡಿಕ್ರಿ ಮಾಡಿಸಿಕೊಡಿ ಅಂತ ಪಟ್ಟು.

ಇದೊಂದನ್ನು ಬಿಡಿಸಿ ಹೇಳುತ್ತೇನೆ. ಇಂಥ ದತ್ತು ನಡೆಯುವುದು ಬಾಲನ್ಯಾಯ ಕಾಯ್ದೆಯಡಿ, ಅದು ಕೇಂದ್ರದ್ದು. ದತ್ತು ಆದೇಶ ಕೊಡುವುದು ಆ ಸಂಸ್ಥೆ ಇರುವ ಜಿಲ್ಲೆಯ ಮ್ಯಾಜಿಸ್ಟ್ರೇಟ್, ಅಂದರೆ ಅಲ್ಲಿನ ಕಲೆಕ್ಟರ್, ನಮ್ಮ ಭಾಷೆಯಲ್ಲಿ ಡಿಸಿ. 2022ರ ಸೆಪ್ಟೆಂಬರ್‌ಗೆ ಮೊದಲು ಈ ಕೆಲಸ ಕೋರ್ಟಿನದಾಗಿತ್ತು. ಕಲೆಕ್ಟರ್ ಸಹಿ ಹಾಕಿದ ಮೇಲೆ ಮಗು ನಿಮ್ಮದೇ, ಆಸ್ತಿ ಹಕ್ಕೂ ಸೇರಿ. ಗಡಿ ದಾಟಿದ ಕೂಡಲೇ ಮತ್ತೆ ಊರ್ಜಿತ ಮಾಡಿಸಬೇಕು ಅನ್ನುವ ಹಂತವೇ ಕಾನೂನಿನಲ್ಲಿಲ್ಲ. ನಮ್ಮ ಕಡೆ ಆಗುವುದು ಮೊದಲು ಹೋಂ ಸ್ಟಡಿ, ಅಂದರೆ ನಿಮ್ಮ ಮನೆ, ಕುಟುಂಬ ನೋಡಿ ವರದಿ ಬರೆಯುವುದು, ಆಮೇಲೆ ಎರಡು ವರ್ಷದವರೆಗೆ, ಆರು ತಿಂಗಳಿಗೊಮ್ಮೆ ಇಲ್ಲಿನ ದತ್ತು ಸಂಸ್ಥೆಯವರು ಬಂದು ಮಗುವನ್ನು ನೋಡಿ ಹೋಗುವುದು, ಅಷ್ಟೇ. ಶಾಲೆಗೆ ಬೇಕಾದದ್ದು ಆದೇಶವೂ ಅಲ್ಲ, ನಿಮ್ಮ ಹೆಸರಿರುವ ಜನನ ಪ್ರಮಾಣಪತ್ರ. ಈ ದಂಪತಿಯ ಫೈಲಿನಲ್ಲೇ ಅದಿತ್ತು, ಲಸಿಕೆ ಕಾರ್ಡಿನ ಹಿಂದೆ, ಪ್ಲಾಸ್ಟಿಕ್ ಕವರಿನೊಳಗೆ. ಕ್ಲರ್ಕಿಗೆ ತೋರಿಸಿರಲೇ ಇಲ್ಲ!

ಇನ್ನೊಂದು ತರದವರು ನನಗೆ ಸಿಟ್ಟು ಬರಿಸುತ್ತಾರೆ. ಪಕ್ಕದ ರಾಜ್ಯದ ಯಾವುದೋ ನರ್ಸಿಂಗ್ ಹೋಮಿನ ಆಯಾ ಪರಿಚಯ, ಒಂದಿಷ್ಟು ದುಡ್ಡು, ನೂರು ರೂಪಾಯಿ ಸ್ಟಾಂಪ್ ಪೇಪರು, ನೋಟರಿ ಸೀಲು. "ಎಲ್ಲಾ ಲೀಗಲ್ ಆಗಿದೆ ಸಾರ್, ಆಧಾರ್ ಒಂದು ಮಾಡಿಸಿಕೊಡಿ." ಅದು ದತ್ತು ಅಲ್ಲ ಸ್ವಾಮಿ. ನಿಯಮ ಮೀರಿ ಮಗು ತೆಗೆದುಕೊಂಡರೆ ಮೂರು ವರ್ಷದವರೆಗೆ ಜೈಲು, ಒಂದು ಲಕ್ಷ ದಂಡ, ಅಥವಾ ಎರಡೂ. ದುಡ್ಡಿಗೆ ಕೊಂಡದ್ದಾದರೆ ಐದು ವರ್ಷದವರೆಗೆ. ಹಿಂದೂಗಳಲ್ಲಿ ಹೆತ್ತವರೇ ನೇರವಾಗಿ ಮಗು ಕೊಡಲು 1956ರ ಹಿಂದೂ ದತ್ತು ಮತ್ತು ಜೀವನಾಂಶ ಕಾಯ್ದೆಯಲ್ಲಿ ದಾರಿಯಿದೆ ನಿಜ, ಆದರೆ ಅಲ್ಲೂ ದುಡ್ಡಿನ ವ್ಯವಹಾರ ನಿಷಿದ್ಧ, ಆಯಾ ಕೊಡುವ ಹಾಗೂ ಇಲ್ಲ.

ಈಗಾಗಲೇ ಹೀಗೆ ಮಗು ತಂದಿದ್ದರೆ ಬಚ್ಚಿಡಬೇಡಿ. ವಕೀಲರನ್ನು ಕಂಡು, ಅವರ ಜೊತೆ ಮಕ್ಕಳ ಕಲ್ಯಾಣ ಸಮಿತಿ ಮುಂದೆ ಹೋಗಿ. ಒಂದೊಂದು ಕೇಸೂ ಬೇರೆ ಬೇರೆ. ಮಗು ನಿಮ್ಮ ಹತ್ತಿರವೇ ಉಳಿಯುತ್ತದೆ ಅಂತ ನಾನಂತೂ ಮಾತು ಕೊಡಲಾರೆ. ಹಾಗೆ ಮಾತು ಕೊಡುವ ವಕೀಲರು ಸಿಕ್ಕರೆ ಎದ್ದು ಬನ್ನಿ.