ಹೆಸರಿನಲ್ಲಿ ‘ಎನ್’ ಇದ್ದ ಮಾತ್ರಕ್ಕೆ ಸುರಕ್ಷಿತವೇ?

ಪ್ರಶ್ನೆ: ಸಿ ಭಾಷೆಯಲ್ಲಿ ಸ್ಟ್ರಿಂಗನ್ನು (ಅಕ್ಷರಗಳ ಸಾಲನ್ನು) ನಕಲು ಮಾಡುವ ಸ್ಟ್ರ್‌ಕಾಪಿ ಅಪಾಯಕಾರಿ ಎಂದು ಕೇಳಿ, ಅದಿದ್ದ ಕಡೆಯಲ್ಲೆಲ್ಲ, ಎಷ್ಟು ಬೈಟ್ ಎಂಬ ಮಿತಿಯನ್ನೂ ಕೇಳುವ ಸ್ಟ್ರ್‌ಎನ್‌ಕಾಪಿ ಹಾಕಿದ್ದೇನೆ. ಬಳಕೆದಾರರು ಕೊಟ್ಟ ಸಂಖ್ಯೆಗಳನ್ನು ಓದಲು, ಅಂಕಿಗಳ ಸ್ಟ್ರಿಂಗನ್ನು ಸಂಖ್ಯೆಯಾಗಿಸುವ ಎಟುಐ ಬಳಸುತ್ತಿದ್ದೇನೆ. ಇಷ್ಟು ಸಾಕಲ್ಲವೇ? ನಾನೇ ಸಹಾಯಕ ಫಂಕ್ಷನ್‌ಗಳನ್ನು ಬರೆದುಕೊಳ್ಳಬೇಕೇ?

ಉತ್ತರ: ಸಾಲದು. ಬರೆದುಕೊಳ್ಳಬೇಕು.

ಇಲ್ಲಿಗೇ ನಿಲ್ಲಿಸಬಹುದಿತ್ತು. ಆದರೆ ನಿಲ್ಲಿಸಿದರೆ ಮುಂದಿನ ತಿಂಗಳು ಇದೇ ಪ್ರಶ್ನೆ ಇನ್ನೊಂದು ಹೆಸರಿನಲ್ಲಿ ಬರುತ್ತದೆ. ಸ್ಟ್ರ್‌ಎನ್‌ಕಾಪಿ ಎಂದರೆ ‘ಸುರಕ್ಷಿತ ಸ್ಟ್ರ್‌ಕಾಪಿ’ ಎಂಬ ನಂಬಿಕೆಯನ್ನು ನಾನು ತರಗತಿಯಲ್ಲಿ ಎಷ್ಟು ಸಲ ಅಲ್ಲಗಳೆದಿದ್ದೇನೋ ಲೆಕ್ಕವಿಲ್ಲ. ಕಳೆಯಂತೆ ಕಿತ್ತಷ್ಟೂ ಚಿಗುರುತ್ತದೆ. ಆದ್ದರಿಂದ ಈ ಸಲ ಬೇರಿನವರೆಗೂ ಅಗೆಯೋಣ.

ಮೊದಲು ಈ ಫಂಕ್ಷನ್ ಹುಟ್ಟಿದ್ದು ಯಾಕೆಂದು ನೋಡಿ. 1979ರಲ್ಲಿ ಬಂದ ಯುನಿಕ್ಸ್‌ನ ಏಳನೇ ಆವೃತ್ತಿಯಲ್ಲಿ ಫೋಲ್ಡರ್ ಎಂದರೆ 16 ಬೈಟ್‌ಗಳ ತುಂಡುಗಳ ಸಾಲು. ಒಂದೊಂದು ತುಂಡಿನಲ್ಲಿ ಮೊದಲ 2 ಬೈಟ್ ಕಡತದ ಕ್ರಮಸಂಖ್ಯೆಗೆ, ಉಳಿದ 14 ಬೈಟ್ ಕಡತದ ಹೆಸರಿಗೆ. ಪರೀಕ್ಷೆಯ ಅರ್ಜಿಯಲ್ಲಿ ಒಂದೊಂದು ಅಕ್ಷರಕ್ಕೆ ಒಂದೊಂದು ಚೌಕ ಕೊಟ್ಟಿರುತ್ತಾರಲ್ಲ, ಹಾಗೆ. 14 ಚೌಕಗಳೂ ತುಂಬಿದರೆ ಹೆಸರು ಮುಗಿಯಿತೆಂದೇ ಅರ್ಥ, ಕೊನೆಯಲ್ಲಿ ಪೂರ್ಣವಿರಾಮ ಇಡಲು ಯಾರೂ ಹದಿನೈದನೆಯ ಚೌಕ ಹುಡುಕುವುದಿಲ್ಲ. ಹೆಸರು ಚಿಕ್ಕದಾದರೆ ಹಿಂದೆ ಅಲ್ಲಿದ್ದ ಹೆಸರಿನ ಬಾಲ ಉಳಿಯದಂತೆ ಮಿಕ್ಕ ಚೌಕಗಳಿಗೆಲ್ಲ ಸೊನ್ನೆ ತುಂಬಬೇಕು. ಸ್ಟ್ರ್‌ಎನ್‌ಕಾಪಿ ಮಾಡುವುದು ಅಕ್ಷರಶಃ ಈ ಕೆಲಸವನ್ನೇ. ಅದು ಚೌಕ ತುಂಬುವ ಗುಮಾಸ್ತ. ಗುಮಾಸ್ತನನ್ನು ಕರೆತಂದು ಕಾವಲಿಗೆ ನಿಲ್ಲಿಸಿ, ಕಳ್ಳ ನುಗ್ಗಿದ ಮೇಲೆ ಅವನನ್ನು ಬೈದರೆ ಏನು ಪ್ರಯೋಜನ?

ಈಗ ನಾನು ತರಗತಿಯಲ್ಲಿ ಮಾಡಿಸುವ ಪ್ರಯೋಗ. ಒಂದು ಸ್ಟ್ರಕ್ಚರ್‌ನಲ್ಲಿ ಊರಿನ ಹೆಸರಿಗೆ 14 ಬೈಟ್, ಅದಕ್ಕೆ ಅಂಟಿಕೊಂಡೇ ಪಿನ್‌ಕೋಡಿಗೆ 7 ಬೈಟ್ ಇಡಿ. ಎರಡಕ್ಕೂ ಸ್ಟ್ರ್‌ಎನ್‌ಕಾಪಿಯಿಂದಲೇ ತುಂಬಿ. ಚಿಕ್ಕಮಗಳೂರನ್ನು ಇಂಗ್ಲಿಷ್ ಲಿಪಿಯ ಹಳೆಯ ಸ್ಪೆಲಿಂಗಿನಲ್ಲಿ ಬರೆದರೆ 11 ಅಕ್ಷರ. ಎಲ್ಲ ಸರಿಯಾಗಿ ನಡೆಯುತ್ತದೆ, ವಿದ್ಯಾರ್ಥಿಗಳು ‘ನೋಡಿ ಸಾರ್, ಏನೂ ಆಗಲಿಲ್ಲ’ ಎನ್ನುತ್ತಾರೆ. 2014ರಲ್ಲಿ ಊರಿನ ಸ್ಪೆಲಿಂಗ್ ಅಧಿಕೃತವಾಗಿ ಬದಲಾಯಿತು. ಹೊಸ ಸ್ಪೆಲಿಂಗಿನಲ್ಲಿ ಎಣಿಸಿ: ಸರಿಯಾಗಿ 14. ಚೌಕಗಳು ತುಂಬಿದವು, ಸ್ಟ್ರಿಂಗ್ ಮುಗಿಯಿತೆಂದು ಹೇಳುವ ಸೊನ್ನೆ ಬೈಟಿಗೆ ಜಾಗವೇ ಉಳಿಯಲಿಲ್ಲ. ಈಗ ಹೆಸರನ್ನು ಮುದ್ರಿಸಿದರೆ ತೆರೆಯ ಮೇಲೆ ಇಂಗ್ಲಿಷ್ ಲಿಪಿಯಲ್ಲಿ ಬರುವುದು ‘ಚಿಕ್ಕಮಗಳೂರು577101’. ಮುದ್ರಿಸುವ ಫಂಕ್ಷನ್ ಸೊನ್ನೆ ಸಿಗುವವರೆಗೆ ನಡೆಯುತ್ತಲೇ ಇರುತ್ತದೆ. ದಾರಿಯಲ್ಲಿ ಪಿನ್‌ಕೋಡ್ ಸಿಕ್ಕಿತು, ಅದೃಷ್ಟಕ್ಕೆ ಅದರ ಕೊನೆಯಲ್ಲಿ ಸೊನ್ನೆ ಇತ್ತು. ಅಲ್ಲಿ ಪಿನ್‌ಕೋಡಿನ ಬದಲು ಪಾಸ್‌ವರ್ಡ್ ಇದ್ದಿದ್ದರೆ ಅದೂ ತೆರೆಗೆ ಬರುತ್ತಿತ್ತು. ಸ್ಟ್ರ್‌ಕಾಪಿ ಬರೆಯುವಾಗ ಮಿತಿ ಮೀರುತ್ತದೆ. ಇದು ಬರೆಯುವಾಗ ಸಭ್ಯವಾಗಿದ್ದು, ಆಮೇಲೆ ಓದುವವನನ್ನು ಮಿತಿ ಮೀರಿಸುತ್ತದೆ.

‘ಹಾಗಾದರೆ ಕೊನೆಯ ಬೈಟಿಗೆ ನಾನೇ ಸೊನ್ನೆ ಹಾಕುತ್ತೇನೆ’ ಎಂಬುದು ಮರುಕ್ಷಣವೇ ಬರುವ ಉತ್ತರ. ಹಾಕಿ. ಒಂದು ಕಡೆ ಮರೆತಿರೆಂದರೆ ಮತ್ತೆ ಅದೇ ಕಥೆ ಎಂಬುದು ಹಾಗಿರಲಿ; ಮರೆಯದೆ ಹಾಕಿದರೂ ಹೆಸರು ಕತ್ತರಿಸಿಹೋದದ್ದು ನಿಮಗೆ ಗೊತ್ತಾಗುವುದು ಹೇಗೆ? ಸ್ಟ್ರ್‌ಎನ್‌ಕಾಪಿ ಹಿಂದಿರುಗಿಸುವುದು ನೀವು ಕೊಟ್ಟ ಬಫರಿನ, ಅಂದರೆ ನಕಲು ಇಡುವ ಜಾಗದ, ವಿಳಾಸವನ್ನೇ. ಅದರಿಂದ ಏನೂ ತಿಳಿಯುವುದಿಲ್ಲ. ‘ಲೆಕ್ಕ/2024/ಹಳೆಯದು’ ಎಂಬ ಫೋಲ್ಡರನ್ನು ಅಳಿಸಲು ಹೊರಟ ಪ್ರೋಗ್ರಾಮಿನ ಕೈಗೆ ‘ಲೆಕ್ಕ/2024’ ಮಾತ್ರ ಸಿಕ್ಕರೆ ಅದು ಅಳಿಸುವುದು ಇಡೀ ವರ್ಷದ ಲೆಕ್ಕವನ್ನು. ಮೆಮೊರಿಯ ಮಟ್ಟಿಗೆ ಅಲ್ಲಿ ಯಾವ ತಪ್ಪೂ ಆಗಿಲ್ಲ. ಎಲ್ಲ ‘ಸುರಕ್ಷಿತ’.

ಮೂರನೆಯ ಪ್ರತಾಪ ವೇಗಕ್ಕೆ ಸಂಬಂಧಿಸಿದ್ದು. 4096 ಬೈಟ್‌ಗಳ ಬಫರಿಗೆ ಐದಕ್ಷರದ ಹೆಸರು ನಕಲು ಮಾಡಿದರೆ ಉಳಿದ 4091 ಬೈಟ್‌ಗಳಿಗೂ ಅದು ನಿಷ್ಠೆಯಿಂದ ಸೊನ್ನೆ ಬಳಿಯುತ್ತದೆ.

ಇಷ್ಟರ ಮೇಲೆ ನಮ್ಮವರು ಸೇರಿಸುವ ತಪ್ಪುಗಳಿವೆ. ಮಿತಿಯ ಜಾಗದಲ್ಲಿ ಮೂಲ ಸ್ಟ್ರಿಂಗಿನ ಉದ್ದವನ್ನು ಕೊಡುವವರಿದ್ದಾರೆ. ಅಂದರೆ ಬಾವಿಯ ಆಳವನ್ನು ಹಗ್ಗದ ಉದ್ದದಿಂದ ನಿರ್ಧರಿಸಿದಂತೆ. ತಲುಪಬೇಕಾದ ಬಫರ್ ಎಷ್ಟು ದೊಡ್ಡದೆಂದು ಯಾರೂ ಕೇಳಲೇ ಇಲ್ಲ. ಫಂಕ್ಷನ್ ಒಳಗೆ ಪಾಯಿಂಟರಿಗೆ (ಬಫರಿನ ವಿಳಾಸಕ್ಕೆ) ಅಳತೆ ಹೇಳುವ ಸೈಜ್‌ಆಫ್ ಹಾಕಿ, ಬಫರಿನ ಬದಲು ವಿಳಾಸದ ಅಳತೆಯಾದ 8 ಪಡೆದು, ಎಲ್ಲ ಹೆಸರುಗಳೂ ಎಂಟಕ್ಷರಕ್ಕೆ ತುಂಡಾಗುವುದು ಯಾಕೆಂದು ಎರಡು ದಿನ ತಲೆ ಕೆಡಿಸಿಕೊಂಡವರಿದ್ದಾರೆ. ಇನ್ನು ಒಂದು ಸ್ಟ್ರಿಂಗಿನ ಬಾಲಕ್ಕೆ ಇನ್ನೊಂದನ್ನು ಜೋಡಿಸುವ ಸ್ಟ್ರ್‌ಎನ್‌ಕ್ಯಾಟ್ ವಿಷಯ. ಅದರ ‘ಎನ್’ಗೆ ಬೇರೆಯೇ ಅರ್ಥ: ಬಫರಿನ ಅಳತೆಯಲ್ಲ, ಸೇರಿಸಬಹುದಾದ ಅಕ್ಷರಗಳ ಸಂಖ್ಯೆ, ಅದರ ಮೇಲೆ ಇನ್ನೊಂದು ಸೊನ್ನೆ. ಇದು ಮಾತ್ರ ಸೊನ್ನೆಯನ್ನು ತಪ್ಪದೆ ಹಾಕುತ್ತದೆ. ಅಣ್ಣತಮ್ಮಂದಿರಂತೆ ಕಾಣುವ ಎರಡು ಫಂಕ್ಷನ್‌ಗಳು ಒಂದೇ ಅಕ್ಷರವನ್ನು ಎರಡು ಅರ್ಥದಲ್ಲಿ ಬಳಸುತ್ತವೆ.

ನನ್ನ ಮಾತು ರುಚಿಸದಿದ್ದರೆ ಕೋಡಿನ ಆವೃತ್ತಿಗಳನ್ನು ಕಾದಿಡುವ ಗಿಟ್ ಎಂಬ ತಂತ್ರಾಂಶದ ಮೂಲ ಕೋಡ್ ತೆರೆದು ನೋಡಿ. ನಿಷೇಧಿತ ಫಂಕ್ಷನ್‌ಗಳಿಗೆಂದೇ ಅಲ್ಲೊಂದು ಕಡತವಿದೆ. ಸ್ಟ್ರ್‌ಕಾಪಿ, ಸ್ಟ್ರ್‌ಕ್ಯಾಟ್, ಎಸ್‌ಪ್ರಿಂಟ್‌ಎಫ್‌ಗಳ ಪಕ್ಕದಲ್ಲೇ ಸ್ಟ್ರ್‌ಎನ್‌ಕಾಪಿಯೂ ಕುಳಿತಿದೆ. ಬಳಸಿದರೆ ಕಂಪೈಲ್ ಆಗುವುದೇ ಇಲ್ಲ.

ಹಾಗಾದರೆ ಏನು ಬಳಸಬೇಕು? 1998ರಲ್ಲಿ ಓಪನ್‌ಬಿಎಸ್‌ಡಿ ಎಂಬ ಆಪರೇಟಿಂಗ್ ಸಿಸ್ಟಂನವರು ಸ್ಟ್ರ್‌ಎಲ್‌ಕಾಪಿ ತಂದರು. ಬಫರಿನ ಅಳತೆ ಕೊಟ್ಟರೆ ಅದು ಸೊನ್ನೆಯನ್ನು ತಪ್ಪದೆ ಹಾಕುತ್ತದೆ, ಮೂಲ ಸ್ಟ್ರಿಂಗಿನ ಉದ್ದವನ್ನು ಹಿಂದಿರುಗಿಸುತ್ತದೆ. ಆ ಉದ್ದ ಬಫರಿನ ಅಳತೆಗೆ ಸಮ ಅಥವಾ ಹೆಚ್ಚಾದರೆ ಕತ್ತರಿ ಬಿದ್ದಿದೆ ಎಂದು ಅರ್ಥ. ಲಿನಕ್ಸ್‌ನ ಸಿ ಲೈಬ್ರರಿಯಾದ ಜಿಲಿಬ್‌ಸಿ ಇದನ್ನು ಒಳಗೆ ಬಿಟ್ಟುಕೊಂಡದ್ದು 2023ರ 2.38ನೇ ಆವೃತ್ತಿಯಲ್ಲಿ. ಕಾಲು ಶತಮಾನದ ಜಗಳ! ತಮಾಷೆಯೆಂದರೆ, ಅದಾದ ಮರುವರ್ಷವೇ ಲಿನಕ್ಸ್ ಕರ್ನೆಲ್ (ಲಿನಕ್ಸ್‌ನ ತಿರುಳು) ಅದನ್ನು ತನ್ನ ಮನೆಯಿಂದ ಹೊರಗಟ್ಟಿತು. ಉದ್ದ ಹೇಳಬೇಕೆಂದು ಸ್ಟ್ರ್‌ಎಲ್‌ಕಾಪಿ ಮೂಲ ಸ್ಟ್ರಿಂಗನ್ನು ಕೊನೆಯವರೆಗೂ ಓದುತ್ತದೆ. ಮೂಲಕ್ಕೇ ಸೊನ್ನೆ ಇಲ್ಲದಿದ್ದರೆ ಮತ್ತೆ ಮಿತಿ ಮೀರಿದ ಓದು. ಕರ್ನೆಲ್‌ನವರು ಈಗ ಬಳಸುವುದು ಸ್ಟ್ರ್‌ಎಸ್‌ಕಾಪಿ. ಅದು ತುಂಡಾದರೆ ನೇರವಾಗಿ ತಪ್ಪಿನ ಸಂಖ್ಯೆಯನ್ನೇ ಕೊಡುತ್ತದೆ.

ನಿಮ್ಮ ಕಂಪೈಲರ್ ಹಳೆಯದಿರಲಿ ಹೊಸದಿರಲಿ, ಹತ್ತು ಸಾಲಿನ ಒಂದು ಸಹಾಯಕ ಫಂಕ್ಷನ್ ಬರೆದುಕೊಳ್ಳಿ. ಬಫರ್, ಅದರ ಅಳತೆ, ಮೂಲ ಇವು ಮೂರು ಒಳಗೆ ಹೋಗಬೇಕು. ‘ಪೂರ್ತಿ ಹಿಡಿಸಿತು’ ಅಥವಾ ‘ಹಿಡಿಸಲಿಲ್ಲ’ ಎಂಬ ಒಂದೇ ಉತ್ತರ ಹೊರಗೆ ಬರಬೇಕು. ಹಿಡಿಸದಿದ್ದರೆ ಅರ್ಧಂಬರ್ಧ ನಕಲು ಇಡುವ ಬದಲು ಬಫರನ್ನು ಖಾಲಿ ಸ್ಟ್ರಿಂಗ್ ಮಾಡಿಬಿಡುವುದು ನನ್ನ ಪದ್ಧತಿ. ಒಳಗಿನ ಕೆಲಸಕ್ಕೆ, ಕೊಟ್ಟ ಫಾರ್ಮ್ಯಾಟಿನ (ಅಚ್ಚಿನ) ಪ್ರಕಾರ ಬಫರಿಗೆ ಬರೆಯುವ ಎಸ್‌ಎನ್‌ಪ್ರಿಂಟ್‌ಎಫ್ ಸಾಕು. ಸಿ ಭಾಷೆಯ 1999ರ ಮಾನದಂಡದಿಂದಲೂ ಅದು ಇದೆ, ಜಾಗ ಇದ್ದಿದ್ದರೆ ಎಷ್ಟು ಬರೆಯುತ್ತಿತ್ತು ಎಂಬುದನ್ನೂ ಹೇಳುತ್ತದೆ. ಬಳಕೆದಾರರ ಸ್ಟ್ರಿಂಗನ್ನು ಮಾತ್ರ ಫಾರ್ಮ್ಯಾಟಿನ ಜಾಗದಲ್ಲಿ ಇಡಬೇಡಿ, ಅದು ಬೇರೆಯೇ ಬಾಗಿಲು ತೆರೆಯುತ್ತದೆ.

ಇನ್ನು ಎಟುಐ. ಇದರ ಬಗ್ಗೆ ಹೆಚ್ಚು ಕೋಪವಿಲ್ಲ, ಕರುಣೆಯಿದೆ. ‘ಸೊನ್ನೆ’ ಎಂದು ಅದು ಹೇಳಿದರೆ ಬಳಕೆದಾರ ಸೊನ್ನೆ ಬರೆದನೋ, ‘ಗೊತ್ತಿಲ್ಲ’ ಎಂದು ಬರೆದನೋ ತಿಳಿಯಲು ದಾರಿಯಿಲ್ಲ. ‘12ಎಬಿಸಿ’ ಕೊಟ್ಟರೆ ಸದ್ದಿಲ್ಲದೆ 12 ಎನ್ನುತ್ತದೆ. ಇಂಟ್‌ಗೆ (ಸಿಯ ಸಾಮಾನ್ಯ ಪೂರ್ಣಾಂಕಕ್ಕೆ) ಹಿಡಿಸದ ಸಂಖ್ಯೆ ಕೊಟ್ಟರೆ ಏನಾಗಬೇಕೆಂದು ಮಾನದಂಡ ಹೇಳುವುದೇ ಇಲ್ಲ. ಸಾಮಾನ್ಯ ಇಂಟ್‌ನ ಗರಿಷ್ಠ 2147483647, ನಮ್ಮ ಮೊಬೈಲ್ ಸಂಖ್ಯೆಗಳು ಶುರುವಾಗುವುದೇ 6ರಿಂದ. ಹತ್ತಂಕಿಯ ಯಾವ ಮೊಬೈಲ್ ಸಂಖ್ಯೆಯೂ ಅಲ್ಲಿ ಹಿಡಿಸುವುದಿಲ್ಲ.

ಅದರ ಬದಲು ಸ್ಟ್ರ್‌ಟೋಲ್. ಕರೆಯುವ ಮೊದಲು, ತಪ್ಪಿನ ಸಂಖ್ಯೆ ಇಡುವ ಎರ್‌ನೋಗೆ ಸೊನ್ನೆ ಹಾಕಿ. ಕರೆದ ಮೇಲೆ ಅದು ತೋರಿಸುವ ಕೊನೆಯ ಪಾಯಿಂಟರ್ ನೋಡಿ: ಶುರುವಿನಲ್ಲೇ ನಿಂತಿದ್ದರೆ ಅಂಕಿಯೇ ಸಿಕ್ಕಿಲ್ಲ, ನಿಂತ ಕಡೆ ಸೊನ್ನೆ ಬೈಟ್ ಇಲ್ಲದಿದ್ದರೆ ಬಾಲದಲ್ಲಿ ಕಸವಿದೆ. ಆಮೇಲೆ ಎರ್‌ನೋ ನೋಡಿ, ಕೊನೆಗೆ ನಿಮ್ಮದೇ ಕನಿಷ್ಠ ಗರಿಷ್ಠಗಳ ಜೊತೆ ಹೋಲಿಸಿ. ಈ ನಾಲ್ಕನ್ನೂ ಪ್ರತಿ ಸಲ ಕೈಯಾರೆ ಬರೆಯುವವರು ಯಾರೂ ಇಲ್ಲ, ನಾನೂ ಬರೆಯುವುದಿಲ್ಲ. ಆದ್ದರಿಂದಲೇ ಸಹಾಯಕ ಫಂಕ್ಷನ್ ಬೇಕು. ಓಪನ್‌ಬಿಎಸ್‌ಡಿಯವರ ಸ್ಟ್ರ್‌ಟುನಮ್ ಇದೇ: ಸ್ಟ್ರಿಂಗ್, ಕನಿಷ್ಠ, ಗರಿಷ್ಠ ಕೊಟ್ಟರೆ ಸಂಖ್ಯೆ ಬರುತ್ತದೆ, ತಪ್ಪಿದ್ದರೆ ಏನು ತಪ್ಪೆಂದು ಮಾತಿನಲ್ಲೇ ಹೇಳುತ್ತದೆ.

ಎರ್‌ನೋ ನೋಡದಿದ್ದರೆ ಏನಾಗುತ್ತದೆ? ಸ್ಟ್ರ್‌ಟೋಲ್ ಕೊಡುವುದು ಲಾಂಗ್ ಎಂಬ ಬಗೆಯ ಪೂರ್ಣಾಂಕ; ವಿಂಡೋಸ್‌ನಲ್ಲಿ ಅದು ಇಂದಿಗೂ 32 ಬಿಟ್. ಅಲ್ಲಿ ಸ್ಟ್ರ್‌ಟೋಲ್‌ನಿಂದ ಮೊಬೈಲ್ ಸಂಖ್ಯೆ ಓದಿಸಿದರೆ ಊರಿನವರೆಲ್ಲರ ಸಂಖ್ಯೆಯೂ 2147483647 ಆಗುತ್ತದೆ. ಸಂಖ್ಯೆ ಯಾವ ಪದ್ಧತಿಯದೆಂದು (ದಶಕವೋ ಅಷ್ಟಕವೋ) ಹೇಳುವ ಬೇಸ್‌ನ ಜಾಗದಲ್ಲಿ 10ರ ಬದಲು 0 ಕೊಟ್ಟು ‘ಅದೇ ಕಂಡುಕೊಳ್ಳಲಿ’ ಎಂದು ಬಿಟ್ಟರೆ ಬೆಂಗಳೂರಿನ 080 ಏನಾಗುತ್ತದೆ ಗೊತ್ತೇ? ಮುಂದೆ ಸೊನ್ನೆ ಇದ್ದದ್ದರಿಂದ ಅಷ್ಟಕ ಪದ್ಧತಿ ಎಂದುಕೊಳ್ಳುತ್ತದೆ, ಅಷ್ಟಕದಲ್ಲಿ 8 ಎಂಬ ಅಂಕಿ ಇಲ್ಲ, ಹಾಗಾಗಿ ಉತ್ತರ ಸೊನ್ನೆ. ಮೈಸೂರಿನ 0821, ಹುಬ್ಬಳ್ಳಿಯ 0836 ಎಲ್ಲಕ್ಕೂ ಅದೇ ಗತಿ. ಇದಕ್ಕೆ ಮದ್ದು ಸ್ಟ್ರ್‌ಟೋಲ್‌ನಲ್ಲಿ ಇಲ್ಲ. ಕೂಡುವುದು ಕಳೆಯುವುದು ಮಾಡದ ಫೋನ್ ಸಂಖ್ಯೆ ಸಂಖ್ಯೆಯೇ ಅಲ್ಲ, ಅದನ್ನು ಸ್ಟ್ರಿಂಗ್ ಆಗಿಯೇ ಇಡಿ. ಋಣ ಚಿಹ್ನೆ ಬರಬಾರದೆಂದು, ಚಿಹ್ನೆಯಿಲ್ಲದ ಸಂಖ್ಯೆ ಕೊಡುವ ಸ್ಟ್ರ್‌ಟೂಲ್ ಬಳಸುವ ಜಾಣರಿಗೆ ಒಂದು ಮಾತು: ಅದಕ್ಕೆ ‘-1’ ಕೊಟ್ಟು ನೋಡಿ. 64 ಬಿಟ್ ಲಿನಕ್ಸ್‌ನಲ್ಲಿ 18446744073709551615 ಬರುತ್ತದೆ, ಎರ್‌ನೋ ತುಟಿಪಿಟಕ್ ಎನ್ನುವುದಿಲ್ಲ.

ನೀವು ಕೇಳಲಿಲ್ಲ, ಆದರೆ ಕನ್ನಡದ ಪ್ರೋಗ್ರಾಮ್ ಬರೆಯುವವರು ಕೇಳಲೇಬೇಕಾದದ್ದು ಒಂದಿದೆ. ಆ 14 ಬೈಟ್‌ಗಳ ಡಬ್ಬಿಗೆ ‘ಚಿಕ್ಕಮಗಳೂರು’ ಎಂದು ಕನ್ನಡದಲ್ಲೇ ತುಂಬಿ. ಅಕ್ಷರಗಳನ್ನು ಬೈಟ್‌ಗಳಾಗಿ ಇಡುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಪ್ರತಿ ಸಂಕೇತಕ್ಕೂ 3 ಬೈಟ್. ವ್ಯಂಜನ, ಸ್ವರಚಿಹ್ನೆ, ಅರ್ಧಾಕ್ಷರ ಮಾಡುವ ಹಲಂತ ಚಿಹ್ನೆ ಎಲ್ಲ ಬೇರೆಬೇರೆ. ಹೀಗೆ 11 ಸಂಕೇತ, 33 ಬೈಟ್. ನಮ್ಮ ಸಭ್ಯ ಸ್ಟ್ರ್‌ಎಲ್‌ಕಾಪಿ 13 ಬೈಟ್ ನಕಲು ಮಾಡಿ ಸೊನ್ನೆ ಹಾಕುತ್ತದೆ. ಸಿಗುವುದು ‘ಚಿಕ್’, ಅದರ ಹಿಂದೆ ‘ಕ’ಕಾರದ ಮೂರರಲ್ಲಿ ಒಂದು ತುಣುಕು; ತೆರೆಯ ಮೇಲೆ ಅದು ಪ್ರಶ್ನಾರ್ಥಕ ಚಿಹ್ನೆ ಹೊತ್ತ ಪೆಟ್ಟಿಗೆಯಾಗಿ ಕೂರುತ್ತದೆ. ಕತ್ತರಿಸಲೇಬೇಕಿದ್ದರೆ, ಕತ್ತರಿ ಬೀಳುವ ಜಾಗದಲ್ಲಿ 128ರಿಂದ 191ರೊಳಗಿನ ಬೈಟ್ ಕಂಡರೆ ಅದು ಅಕ್ಷರದ ನಡುಭಾಗ, ಆ ವ್ಯಾಪ್ತಿಯ ಹೊರಗಿನ ಬೈಟ್ ಸಿಗುವವರೆಗೆ ಹಿಂದಕ್ಕೆ ಬನ್ನಿ. ಆಗ ಪೆಟ್ಟಿಗೆ ಮಾಯವಾಗುತ್ತದೆ. ಒತ್ತಕ್ಷರ ಕಳೆದುಕೊಂಡ ‘ಚಿಕ್’ ಉಳಿಯುತ್ತದೆ, ಅದನ್ನು ಸರಿಪಡಿಸಲು ಇನ್ನೂ ಹಿಂದಕ್ಕೆ ಹೋಗಬೇಕು. ಅದಕ್ಕಿಂತ ದೊಡ್ಡ ಬಫರ್ ಇಡುವುದು ಅಗ್ಗ.

ಕನ್ನಡ ಅಂಕಿಗಳ ವಿಷಯವೂ ಇಷ್ಟೇ. ಎಟುಐಗೆ ‘೪೨’ ಕೊಟ್ಟರೆ ಉತ್ತರ ಸೊನ್ನೆ. ಸ್ಟ್ರ್‌ಟೋಲ್ ಶುರುವಿನಲ್ಲೇ ನಿಂತು ಕನಿಷ್ಠ ತನ್ನ ಅಸಹಾಯಕತೆಯನ್ನಾದರೂ ಒಪ್ಪಿಕೊಳ್ಳುತ್ತದೆ. ಓದುವ ಫಂಕ್ಷನ್ ನಾವೇ ಬರೆಯಬೇಕು, ಕಷ್ಟವೇನಲ್ಲ. ಮೊದಲ ಬೈಟ್ 224, ಎರಡನೆಯದು 179, ಮೂರನೆಯದು 166ರಿಂದ 175ರೊಳಗೆ ಇದ್ದರೆ ಅದು ಕನ್ನಡ ಅಂಕಿ. ಮೂರನೆಯದರಿಂದ 166 ಕಳೆದರೆ ಬೆಲೆ ಸಿಕ್ಕಿತು. ಬೈಟನ್ನು ಅನ್‌ಸೈನ್ಡ್ ಕ್ಯಾರ್ (ಋಣ ಚಿಹ್ನೆಯಿಲ್ಲದ ಬೈಟ್) ಆಗಿ ಪರಿವರ್ತಿಸುವುದನ್ನು ಮರೆತರೆ ನಮ್ಮ ಸಾಮಾನ್ಯ ಕಂಪ್ಯೂಟರುಗಳಲ್ಲಿ 224 ಎಂಬುದು -32 ಆಗಿ ಕಾಣುತ್ತದೆ, ಹೋಲಿಕೆ ಎಂದಿಗೂ ನಿಜವಾಗುವುದಿಲ್ಲ. ‘೪2’ ಎಂದು ಎರಡು ಲಿಪಿ ಬೆರೆಸಿ ಬರೆದದ್ದನ್ನು ಒಪ್ಪಬೇಕೋ ಬಿಡಬೇಕೋ ನಿಮಗೆ ಬಿಟ್ಟದ್ದು. ನನ್ನ ಫಂಕ್ಷನ್ ಒಪ್ಪುವುದಿಲ್ಲ.